ಮೇಲಿನ ಮನೆಯ ಜರಡಿಗಳು

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ಗಾದೆ ಕಟ್ಟಿದವನ ಮನೆಯಲ್ಲಿ ಮಕ್ಕಳಿರಲಿಲ್ಲವೇನೋ. ನನ್ನ ಹೊಲಿಗೆ ಅಂಗಡಿಯ ಮೇಲಿನ ಮನೆಯಲ್ಲಿ ಎರಡು ಮಕ್ಕಳಿದ್ದವು. ಅಪ್ಪನ ಕೈ ಅಮ್ಮನ ಮೇಲೆ ಏಳುವ ಹೊತ್ತಿಗೆ ಅವು ಎಲ್ಲಿಗೆ ಹೋಗಬೇಕು? ಅದಕ್ಕೇ ನಾವು ಅಕ್ಕಪಕ್ಕದವರು, ಅಂದರೆ ನಾನು, ಇಸ್ತ್ರಿ ಅಂಗಡಿಯವನು, ಎದುರುಮನೆಯ ನರ್ಸಮ್ಮ, ಸೇರಿ ದೊಡ್ಡ ಹುಡುಗಿಗೆ ಒಂದು ಮಾತು ಹೇಳಿಕೊಟ್ಟಿದ್ದೆವು.

"ಹೆದರಿಕೆ ಆದ್ರೆ ತಮ್ಮನ್ನ ಎತ್ಕೊಂಡು ನಮ್ಮಲ್ಲಿ ಯಾರ ಹತ್ರನಾದ್ರೂ ಬಾ. ಜರಡಿ ಇದೆಯಾ ಅಂತ ಕೇಳು. ಮಿಕ್ಕಿದ್ದು ನಾವು ನೋಡ್ಕೋತೀವಿ."

ಕೇಳಿದಾಗಲೆಲ್ಲ ಒಳಗೆ ಕೂರಿಸಿಕೊಂಡು, ಮೇಲೆ ಗದ್ದಲ ಅಡಗಿದ ಮೇಲೆ, ಅಪ್ಪನಿಗೆ ಅನುಮಾನ ಬರಬಾರದೆಂದು ಕೈಗೊಂದು ಜರಡಿ ಕೊಟ್ಟು ಕಳಿಸುತ್ತಿದ್ದೆವು. ಅದನ್ನು ವಾಪಸ್ ಇಸಕೊಳ್ಳಬೇಕೆಂದು ಮಾತ್ರ ಒಬ್ಬರಿಗೂ ಹೊಳೆಯಲಿಲ್ಲ. ಎಂಥ ದಡ್ಡರು ನಾವು!

ಆವತ್ತು ಮಧ್ಯಾಹ್ನ ಮಕ್ಕಳು ಓಡಿಬಂದು, ನಾನು ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಸೇರಿಕೊಂಡವು. ಇಸ್ತ್ರಿಯವನಿಗೂ ನರ್ಸಮ್ಮನಿಗೂ ಫೋನ್ ಮಾಡಿ ಇಟ್ಟೆನೋ ಇಲ್ಲವೋ, ಬಾಗಿಲಲ್ಲಿ ಅವರಪ್ಪ. ಕೈಯಲ್ಲಿ ಮೂರು ಜರಡಿ.

"ನಮ್ಮನೇಲಿ ಹಿಟ್ಟೇ ಇಲ್ಲ, ಅಕ್ಕ. ಇಷ್ಟೊಂದು ಜರಡಿ ಯಾಕೆ ಬಂದ್ವು?"

ಬೆಣ್ಣೆಯಂಥ ಮಾತು. ಊರಿಗೆಲ್ಲ ಒಳ್ಳೆಯವನು ಅವನು.

ಚಿಕ್ಕವನು ಬಿಕ್ಕುವುದು ಕೇಳಿಸಬಾರದೆಂದು ಮಿಷನ್ ತುಳಿಯತೊಡಗಿದೆ. ಕೆಳಗೆ ಬಟ್ಟೆಯೇ ಇಲ್ಲದೆ ಸೂಜಿ ಓಡಿತು. ಅವನು ಅದನ್ನೇ ನೋಡಿದ. ಆಮೇಲೆ ಮೇಜಿನ ಕಡೆ ಹೆಜ್ಜೆ ಇಟ್ಟ.

"ಅಕ್ಕಾ, ನನ್ನ ಜರಡಿ ಇಲ್ಲಿದೆಯಾ?" ಬಾಗಿಲಿಂದ ಇಸ್ತ್ರಿಯವನ ದನಿ.

ಒಳಗೆ ಬಂದವನೇ ಮೇಜಿಗೆ ಬೆನ್ನು ಕೊಟ್ಟು ಅಡ್ಡ ನಿಂತ. ಹಿಂದೆಯೇ ಬಂದ ನರ್ಸಮ್ಮ ಅವನ ಪಕ್ಕಕ್ಕೆ ನಿಂತರು.

"ನಂದೂ ಒಂದಿರ್ಬೇಕು. ಪೊಲೀಸ್ರಿಗೂ ಫೋನ್ ಮಾಡಿದೀನಿ, ಅವರಿಗೂ ಒಂದು ಬೇಕಂತೆ."

ಅವನು ಜರಡಿಗಳನ್ನು ನೆಲಕ್ಕೆ ಬಡಿದ. ನಮ್ಮ ಮೂವರಲ್ಲಿ ಯಾರೂ ಜರುಗಲಿಲ್ಲ.

ಆಗ ಮೆಟ್ಟಿಲ ಮೇಲೆ ಸದ್ದಾಯಿತು. ಮಕ್ಕಳ ಅಮ್ಮ. ತುಟಿ ಒಡೆದಿತ್ತು. ಇಷ್ಟು ದಿನ ಎಷ್ಟು ಕೇಳಿದರೂ "ಜಾರಿ ಬಿದ್ದೆ" ಎನ್ನುತ್ತಿದ್ದವಳು. ಗಂಡನ ಕಡೆ ನೋಡದೆ, ಗೋಡೆ ಹಿಡಿದುಕೊಂಡು ಒಳಗೆ ಬಂದಳು.

"ಅಕ್ಕಾ... ಜರಡಿ ಇದೆಯಾ?" ಎಂದಳು.

ಮಗಳೇ ಹೇಳಿಕೊಟ್ಟಿರಬೇಕು. ನಾನು ಮಿಷನ್ ನಿಲ್ಲಿಸಿದೆ.

"ಇದೆ, ಬಾರಮ್ಮ," ಎಂದು ಎದ್ದುಹೋಗಿ ಅವಳ ಕೈ ಹಿಡಿದುಕೊಂಡೆ.