ಹಿತ್ತಾಳೆ ಪಟ್ಟಿಯ ಕೆಳಗೆ

ಕಾದ ಚಾಕುವಿನ ಅಲಗನ್ನು ಎಣ್ಣೆಗೆ ಇಳಿಸಿದಾಗ ಅದು ‘ಟಿಣ್’ ಎಂದಿತು. ಬಹಳ ಸಣ್ಣ ಸದ್ದು. ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿದರೂ ಇದಕ್ಕಿಂತ ಜೋರಾಗಿ ಕೇಳುತ್ತದೆ. ಶೆಡ್ಡಿನಲ್ಲಿ ಆಗ ನಾನೊಬ್ಬಳೇ ಇದ್ದೆ. ಮಾವ ಇದ್ದಿಲು ತರಲು ಹೋಗಿದ್ದ.

ಹದ ಹಾಕುವಾಗ ಎಣ್ಣೆ ಬುಸುಗುಡಬೇಕು, ಹೊಗೆ ಏಳಬೇಕು, ಅಲಗು ಮಾತ್ರ ತುಟಿಪಿಟಕ್ಕೆನ್ನಬಾರದು. ಟಿಣ್ ಎಂದರೆ ಎಲ್ಲೋ ಬಿರುಕು ಬಿಟ್ಟಿದೆ ಎಂದೇ ಅರ್ಥ. ತಪ್ಪು ನನ್ನದೇ. ಬೆಂಕಿ ನೋಡುತ್ತಾ ನೋಡುತ್ತಾ ಅಜ್ಜಿ ಹೇಳುತ್ತಿದ್ದ ಕತೆಯ ಕೆಂಡದರಮನೆಯೊಳಗೆ ಹೊಕ್ಕು ಕೋಣೆ ಕೋಣೆ ಸುತ್ತುತ್ತಿದ್ದೆ. ಕಬ್ಬಿಣ ಕೆಂಪು ದಾಟಿ ಹಳದಿಗೆ ತಿರುಗಿದ್ದು ಕಣ್ಣಿಗೆ ಬೀಳಲೇ ಇಲ್ಲ.

ನನ್ನದು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ಗೀರು ಹುಡುಕುವ ಭೂತಗನ್ನಡಿ ಸದಾ ಚೀಲದಲ್ಲೇ ಇರುತ್ತದೆ. ಅಲಗನ್ನು ಒರೆಸಿ ನೋಡಿದೆ. ಹಿಡಿ ಸೇರುವ ಕಡೆ, ಬೆನ್ನಿನಿಂದ ಕೆಳಗಿಳಿದ ಒಂದು ಕೂದಲೆಳೆ ಗೆರೆ. ಮತ್ತೊಮ್ಮೆ ಒರೆಸಿದೆ. ಹೋಗಲಿಲ್ಲ.

ಬೆಟ್ಟಕ್ಕೆ ಹೊರಡಲು ಉಳಿದಿದ್ದದ್ದು ಒಂಬತ್ತೇ ದಿನ.

ನಮ್ಮ ಗುಂಪಿನಲ್ಲಿ ನಾಲ್ಕು ಜನ. ಅಮ್ಮನ ತಮ್ಮನಾದ ಮಾವ ಲೇತ್ ಕೆಲಸದವನು. ಯಂತ್ರ ಒಂದು ಬೆರಳನ್ನು ನುಂಗಿ ಎಡಗೈಯಲ್ಲಿ ನಾಲ್ಕನ್ನು ಉಳಿಸಿದೆ. ಅಂಚೆ ಅಕ್ಕ ವಾರವಿಡೀ ಕಾಗದಕ್ಕೆ ಮುದ್ರೆ ಒತ್ತಿ, ಭಾನುವಾರ ಏರ್‌ಗನ್ನಿನಿಂದ ಖಾಲಿ ಡಬ್ಬಿ ಉರುಳಿಸುವವಳು. ಇನ್ನು ಭೂಗೋಳದ ಮೇಷ್ಟ್ರು, ನಕ್ಷೆ ಕೈಯಲ್ಲಿದ್ದಾಗಲೇ ದಾರಿ ತಪ್ಪುವವರು. ಈ ಮೂವರು ವರ್ಷಕ್ಕೊಮ್ಮೆ ಎರಡು ದಿನ ಬೆಟ್ಟದ ಮೇಲೆ ಇದ್ದು ಬರುತ್ತಾರೆ. ತಾನೇ ಬಡಿದ ಚಾಕು ಇಲ್ಲದವರು ಮೇಲೆ ಹತ್ತುವ ಹಾಗಿಲ್ಲ. ಹೋದ ವರ್ಷ ನಾನು ಬೆಟ್ಟದ ಬುಡದಲ್ಲಿ ಗೇಟು ಕಾಯುವವರ ಮನೆಯ ಜಗಲಿಯಲ್ಲಿ ಸಾಮಾನು ಕಾಯುತ್ತಾ ಕೂತಿದ್ದೆ. ರಾತ್ರಿ ಮೇಲೊಂದು ಬೆಂಕಿ ಕಂಡಿತ್ತು, ಸಾಸಿವೆಯಷ್ಟು. ಅದರ ಸುತ್ತ ಅವರು ಏನು ಮಾತಾಡುತ್ತಿರಬಹುದೆಂದು ಆಮೇಲೆ ವರ್ಷವೆಲ್ಲಾ ಯೋಚಿಸಿದ್ದೇನೆ.

ಇನ್ನೊಂದು ಚಾಕು ಮಾಡಲು ಹೊತ್ತಿರಲಿಲ್ಲ. ಬಿರುಕಿನ ಮೇಲೆ ಅಗಲವಾದ ಹಿತ್ತಾಳೆ ಪಟ್ಟಿ ಕೂರಿಸಿ ಹಿಡಿ ಹಾಕಿದೆ. ಮುರಿದರೆ ನನ್ನ ಕೈಯಲ್ಲೇ ತಾನೇ ಮುರಿಯುವುದು ಎಂದುಕೊಂಡೆ.

ಮಾವ ಬಂದು ನೋಡಿ, “ಪಟ್ಟಿ ಮಾತ್ರ ಮದುಮಗಳ ಡಾಬಿನ ಥರ ಇದೆಯಲ್ಲೇ ಮರಿ!” ಎಂದ.

“ಚೆನ್ನಾಗಿಲ್ವಾ?”

“ಚೆನ್ನಾಗಿದೆ ಅಂತಾನೇ ಹೇಳಿದ್ದು. ಯಾಕೆ ಮುಖ ಹಿಂಗ್ಮಾಡ್ಕೊಂಡೆ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಂಡ್ನಂತೆ.”

ಆ ವಾರ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡಿದೆ. ಅಂಗಡಿಯಲ್ಲಿ ಒಬ್ಬರ ಗಾಜನ್ನು ಇನ್ನೊಬ್ಬರ ಫ್ರೇಮಿಗೆ ಹಾಕಿ, ಯಜಮಾನರಿಂದ “ಅಮ್ಮಾ, ಕಣ್ಣು ನಿನಗೇ ಟೆಸ್ಟ್ ಮಾಡಿಸ್ಬೇಕು” ಅನ್ನಿಸಿಕೊಂಡೆ. ಮನೆಯಲ್ಲಿ ಲೋಟ, ತಟ್ಟೆ, ಬಕೆಟ್ಟಿನ ಹಿಡಿ, ಕೈಗೆ ಸಿಕ್ಕಿದ್ದನ್ನೆಲ್ಲ ಉಗುರಿನಿಂದ ತಟ್ಟಿ ಕೇಳುತ್ತಿದ್ದೆ. ಗಟ್ಟಿಯಿದ್ದರೆ ಖಣ್ ಎನ್ನುತ್ತದೆ, ಬಿರುಕಿದ್ದರೆ ಡಬ್. ಅಜ್ಜಿಯ ಕತೆಯೊಂದರಲ್ಲಿ ಒಂದು ಗಡಿಗೆ ಇತ್ತು. ಅದರ ಬಿರುಕಿಗೆ ಕುಂಬಾರ ಮೇಣ ಮೆತ್ತಿ ಸಂತೆಯಲ್ಲಿ ಮಾರಿಬಿಟ್ಟಿದ್ದ. ಕೊಂಡವರ ಮನೆಯಿಂದ ಅದು ದಿನಾ ಸಂಜೆ ಅವನ ಹೆಸರು ಹಿಡಿದು ಕೂಗುತ್ತಿತ್ತಂತೆ. ಊರಿನಲ್ಲಿ ಬೇರೆ ಯಾರಿಗೂ ಕೇಳುತ್ತಿರಲಿಲ್ಲವಂತೆ. ಕೊನೆಗೆ ಏನಾಯಿತೆಂದು ಎಷ್ಟು ನೆನೆದರೂ ನೆನಪಾಗಲಿಲ್ಲ. ಬಹುಶಃ ಅಷ್ಟರಲ್ಲಿ ನಾನು ನಿದ್ದೆ ಹೋಗಿರುತ್ತಿದ್ದೆ.

ಹೊರಟ ದಿನ ಬುಡದಲ್ಲಿ ಅಂಚೆ ಅಕ್ಕ ಎಂದಿನಂತೆ ಎಲ್ಲರಿಂದಲೂ ಡಬ್ಬಿಗೆ ಗುರಿ ಇಡಿಸಿದಳು. ಅವಳದೊಂದು ಕಟ್ಟುನಿಟ್ಟು. ಗನ್ನು ಕೈ ಬದಲಾಗುವಾಗ ಕೊಡುವವರು ಅದನ್ನು ತೆರೆದು ‘ಖಾಲಿ’ ಎನ್ನಬೇಕು. ತೆಗೆದುಕೊಳ್ಳುವವರು ಇಣುಕಿ ‘ನೋಡಿದೆ’ ಎನ್ನಬೇಕು. ಮೇಷ್ಟ್ರು ಆಕಾಶ ನೋಡುತ್ತಾ ‘ನೋಡಿದೆ’ ಎಂದರು.

“ಏನ್ ನೋಡಿದ್ರಿ ಮೇಷ್ಟ್ರೇ, ಮೋಡಾನಾ? ಇವತ್ತು ನಿಮಗೆ ಗನ್ನಿಲ್ಲ. ಪಕ್ಕಕ್ಕೆ ನಿಂತ್ಕೊಳ್ಳಿ.”

“ಮೂವತ್ತು ವರ್ಷ ಮಕ್ಕಳನ್ನ ನಿಲ್ಲಿಸಿದ ಪಾಪ ಕಣಮ್ಮ ಇದು,” ಎಂದು ಮೇಷ್ಟ್ರು ನಿಂತುಕೊಂಡರು.

ಹತ್ತಿದೆವು. ಮಧ್ಯಾಹ್ನದ ಹೊತ್ತಿಗೆ ಒಂದು ತೊರೆ ಸಿಕ್ಕಿತು. ಒಲೆ ಹೂಡಲು ಕಟ್ಟಿಗೆ ತಂದೆವು. ಹೊರಗೆ ಒದ್ದೆ, ಸೀಳಿದರೆ ಒಳಗೆ ಒಣಗಿರುತ್ತದೆ. ನಾನು ಚಾಕು ಹಿರಿದು ಕೂತೆ. ಮಾವ ಕೈ ಚಾಚಿದ.

“ಕೊಡಿಲ್ಲಿ. ಮೊದಲ ಕಟ್ಟಿಗೆ ಬೇರೆಯವರ ಚಾಕಲ್ಲೇ ಸೀಳ್ಬೇಕು. ತಾನು ಮಾಡಿದ ಚಾಕು ತನ್ನ ಕೈಗೆ ಚಾಡಿ ಹೇಳಲ್ಲ.”

ಇದು ನನಗೆ ಗೊತ್ತಿರಲಿಲ್ಲ. ಬುಡದಲ್ಲಿ ಕೂತವಳಿಗೆ ಮೇಲಿನ ಪದ್ಧತಿ ಹೇಗೆ ಗೊತ್ತಾಗಬೇಕು? ಆಗಲೇ ಮೇಷ್ಟ್ರ ಸೊಟ್ಟ ಚಾಕು ನನ್ನ ಮಡಿಲಿಗೆ ಬಂದಿತ್ತು, ಅಕ್ಕನದು ಮೇಷ್ಟ್ರಿಗೆ, ಮಾವನದು ಅಕ್ಕನಿಗೆ.

“ಇದಕ್ಕೂ ಹೇಳ್ಬೇಕು,” ಎಂದಳು ಅಕ್ಕ. “ಕೊಡೋರು ‘ಗಟ್ಟಿ’ ಅನ್ಬೇಕು.”

“ಗಟ್ಟಿ,” ಎಂದೆ.

“ನೋಡಿದೆ,” ಎಂದ ಮಾವ. ಚಾಕುವಿನ ಕಡೆ ಅವನು ಕಣ್ಣು ಕೂಡ ಹಾಯಿಸಲಿಲ್ಲ. ನನ್ನ ಮುಖ ನೋಡಿ ನಕ್ಕ. ಕಟ್ಟಿಗೆ ನಿಲ್ಲಿಸಿ ಅಲಗನ್ನು ಅದರ ನೆತ್ತಿಗೆ ಇಟ್ಟ. ಎಡಗೈಯ ನಾಲ್ಕು ಬೆರಳು ಹಿಡಿಯನ್ನು ಸುತ್ತಿಕೊಂಡವು, ಪಟ್ಟಿಗೆ ತಾಗಿಕೊಂಡು. ಅಲಗಿನ ಬೆನ್ನಿಗೆ ಹೊಡೆಯಲು ಬಲಗೈ ದೊಣ್ಣೆ ಎತ್ತಿತು.

“ಮಾವ, ನೀನು ನೋಡ್ಲಿಲ್ಲ!”

ದೊಣ್ಣೆ ಮೇಲೆಯೇ ನಿಂತಿತು.

“ನಿನ್ನದ್ರಲ್ಲಿ ನೋಡೋದೇನಿದೆಯೇ?”

“ಇದೆ. ಪಟ್ಟಿ ಕೆಳಗಿದೆ. ಹದ ಹಾಕುವಾಗ ಟಿಣ್ ಅಂದಿತ್ತು.”

ಮಾವ ದೊಣ್ಣೆ ಕೆಳಗಿಟ್ಟ. ಹಿಡಿಯನ್ನು ಎರಡು ಬೆರಳಲ್ಲಿ ತೂಗುಹಾಕಿ ಅಲಗನ್ನು ಒಂದು ಕಲ್ಲಿನಿಂದ ತಟ್ಟಿದ. ಡಬ್. ಆಮೇಲೆ ಅಲಗನ್ನು ಬಂಡೆಯ ಸಂದಿಗೆ ತುರುಕಿ, ಮುಖ ತಿರುಗಿಸಿಕೊಂಡು ಹಿಡಿಯನ್ನು ಒಮ್ಮೆ ಜಗ್ಗಿದ. ಅದು ಬಿಸ್ಕತ್ತಿನ ಹಾಗೆ ಮುರಿಯಿತು. ಮುರಿದ ಬಾಯಲ್ಲಿ ಅರ್ಧ ಭಾಗ ಕಪ್ಪಗಿತ್ತು. ಬಿರುಕಿನೊಳಗೆ ಅಷ್ಟು ದೂರ ಎಣ್ಣೆ ಹೋಗಿತ್ತು.

“ಇಷ್ಟು ದೂರ ಬಂದಿದ್ದಾಳೆ, ಇರ್ಲಿ ಬಿಡಿ,” ಎಂದರು ಮೇಷ್ಟ್ರು. “ನನ್ನ ಚಾಕೂ ಅವಳ ಹತ್ರಾನೇ ಇದೆ.”

“ಚಾಕು ಇಲ್ಲದವರು ಇಳೀಬೇಕು,” ಎಂದಳು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಚುಚ್ಚಿತು. ಆಮೇಲೆ ಅವಳು ಮಾವನ ಕಡೆ ತಿರುಗಿ, “ನೋಡದೆ ನೋಡಿದೆ ಅಂದೋರೂ...” ಎಂದು ಅರ್ಧಕ್ಕೇ ನಿಲ್ಲಿಸಿದಳು.

“ಗೊತ್ತು ಕಣಮ್ಮ,” ಎಂದ ಮಾವ. ಆಗಲೇ ಚೀಲ ಹೆಗಲಿಗೆ ಹಾಕಿಕೊಂಡಿದ್ದ.

ಇಳಿಯುವಾಗ ಅವನು ಒಂದು ಮಾತೂ ಬಯ್ಯಲಿಲ್ಲ. ಎರಡು ತಿರುವು ದಾಟಿದ ಮೇಲೆ, “ಬಣ್ಣ ಎಲ್ಲಿಗೆ ಹೋಗಿತ್ತು?” ಎಂದು ಕೇಳಿದ.

“ಹಳದಿ.”

“ಹೂಂ. ನೀನು ಎಲ್ಲಿಗೆ ಹೋಗಿದ್ದೆ?”

ನಾನು ಕಾಲಡಿಯ ಕಲ್ಲು ನೋಡುತ್ತಾ ಮುಂದಿನ ತಿರುವು ಇಳಿದೆ.

ಗೇಟಿನವರ ಜಗಲಿಯಲ್ಲಿ ಮಾವ ಟೋಪಿಯನ್ನು ಮುಖಕ್ಕೆ ಮುಚ್ಚಿ ಮಲಗಿದ. ಹೊಟ್ಟೆಯ ಮೇಲೆ ಎಡಗೈ. ಬೆರಳುಗಳನ್ನು ಎಣಿಸಿದೆ. ನಾಲ್ಕು. ಮತ್ತೆ ಎಣಿಸಿದೆ. ಮೇಲೆ ಅವರಿಬ್ಬರ ಹೊಗೆ ಎದ್ದಿತು, ನೇರವಾಗಿ, ತೆಳ್ಳಗೆ. ಆ ಚಾಕು ಮಾವನ ಬದಲು ಮೇಷ್ಟ್ರ ಕೈಗೋ ಅಕ್ಕನ ಕೈಗೋ ಹೋಗಿದ್ದರೆ ನಾನು ಬಾಯಿ ಬಿಡುತ್ತಿದ್ದೆನೇ? ಬಿಡುತ್ತಿದ್ದೆ ಎಂದುಕೊಂಡೆ. ಅದನ್ನೇ ಇನ್ನೊಮ್ಮೆ ಹೇಳಿಕೊಂಡಾಗ ಯಾಕೋ ಡಬ್ ಎಂದು ಕೇಳಿತು.

ಎದ್ದು ಜಗಲಿಯ ಈ ತುದಿಯಿಂದ ಆ ತುದಿಗೆ ಓಡಾಡತೊಡಗಿದೆ.

“ಕೂತ್ಕೊಳ್ಳೇ ಮರಿ,” ಎಂದ ಮಾವ ಟೋಪಿಯ ಒಳಗಿನಿಂದ. “ನೆಲ ಸವೆದ್ಹೋದ್ರೆ ಗೇಟಿನವರು ಬೈತಾರೆ.”

ಕೂರಲಾಗಲಿಲ್ಲ.