ಹೊಗೆ ನೋಡುವ ಕೆಲಸ

ಮೀಸೆ ಮೇಸ್ತ್ರಿಯ ಮೀಸೆಗೆ ಒಂದು ಶಪಥ ಅಂಟಿಕೊಂಡಿತ್ತು. ತನ್ನ ಕೈಯಿಂದ ಹೊರಟ ಇಂಜಿನ್ ಹೊಗೆ ಬಿಟ್ಟದ್ದನ್ನು ಯಾರಾದರೂ ತೋರಿಸಿದರೆ ಮೀಸೆ ಬೋಳಿಸುತ್ತೇನೆ ಎಂದು ಮೂವತ್ತೈದು ವರ್ಷಗಳಿಂದ ಅವನು ಗ್ಯಾರೇಜಿನ ಬಾಗಿಲಲ್ಲಿ ನಿಂತು ಸಾರುತ್ತ ಬಂದಿದ್ದ. ಒಮ್ಮೆ ಹೆಡ್ ಮಾಸ್ತರರೊಬ್ಬರು ಹೊಗೆಯ ದೂರು ತಂದಾಗ, ಸೈಲೆನ್ಸರಿನ ಹಿಂದೆ ಬಿಳಿ ಕರವಸ್ತ್ರ ಹಿಡಿಸಿ ಅವರನ್ನು ಕಾಲು ಗಂಟೆ ನಿಲ್ಲಿಸಿ, ಬಟ್ಟೆ ಬಿಳಿಯಾಗಿಯೇ ಉಳಿದ ಮೇಲೆ ಮನೆಗೆ ಕಳಿಸಿದ್ದ. ಇಂಥವನ ಒಡಹುಟ್ಟಿದ ಅಣ್ಣನ ಕಾರು ಮಾತ್ರ ಬೀದಿಗೆಲ್ಲ ನೀಲಿ ಹೊಗೆ ಹಂಚಿಕೊಂಡು ಓಡಾಡುತ್ತಿತ್ತು. ದೀಪದ ಬುಡದಲ್ಲೇ ಕತ್ತಲೆ.

ಅಣ್ಣ ಕೈ ಹಾಕಲು ಬಿಟ್ಟಿದ್ದರೆ ತಾನೇ? "ಓಡ್ತಾ ಇದೆಯಲ್ಲ, ಬಿಡೋ. ತಿರುವಲ್ಲಿ ಹೊಗೆ ಕಂಡ ಕೂಡ್ಲೇ ನಿಮ್ಮತ್ತಿಗೆ ಚಹಾಕ್ಕೆ ನೀರಿಡ್ತಾಳೆ. ನಿನ್ನ ರಿಪೇರಿ ಆದ್ರೆ ನನ್ನ ಚಹಾ ತಡ ಆಗುತ್ತೆ" ಎನ್ನುತ್ತಿದ್ದ. ಅತ್ತಿಗೆ ಮೂಗು ಮುರಿದು ಆ ಕಾರಿಗೆ ಹೊಗೆಗೂಡು ಎಂದು ಹೆಸರಿಟ್ಟಿದ್ದರು. ಹೆಸರಿಟ್ಟರೂ ನೀರಿಡುವುದನ್ನು ತಪ್ಪಿಸಿದವರಲ್ಲ.

ಅಣ್ಣ ಹೋಗಿ ಒಂದೂವರೆ ವರ್ಷವಾಗಿತ್ತು. ಅಂದಿನಿಂದ ಅತ್ತಿಗೆ ಮನೆಯ ಗೇಟು ದಾಟಿರಲಿಲ್ಲ. ಅಳುವುದಿಲ್ಲ, ಗೋಳಾಡುವುದಿಲ್ಲ, ಹೊರಗೆ ಮಾತ್ರ ಬರುವುದಿಲ್ಲ. ತರಕಾರಿ ಗೇಟಿಗೇ ಬರುತ್ತಿತ್ತು. ಕನ್ನಡಕದ ಕಡ್ಡಿ ಮುರಿದದ್ದಕ್ಕೆ ದಾರ ಸುತ್ತಿಕೊಂಡು ಕಾಲ ತಳ್ಳುತ್ತಿದ್ದರು. ತಂಗಿಯ ಮಗಳಿಗೆ ಹೆರಿಗೆಯಾಗಿ ಐದು ತಿಂಗಳಾದರೂ ಮಗುವಿನ ಮುಖ ನೋಡಿರಲಿಲ್ಲ. ಎರಡು ಬೀದಿ ಆಚೆಯಿದ್ದ ಮೇಸ್ತ್ರಿ ಬಂದು ಕರೆದಾಗಲೆಲ್ಲ ಉತ್ತರ ತಯಾರಿರುತ್ತಿತ್ತು.

"ಬಸ್ಸಲ್ಲಿ ತಲೆ ಸುತ್ತುತ್ತೆ. ಹೊಗೆಗೂಡಲ್ಲಿ ಕೂತ್ರೆ ಕೆಮ್ಮು ಹತ್ತುತ್ತೆ. ಬೇರೆಯವರ ಗಾಡಿ ನನಗ್ಯಾಕೆ? ಹೇಗಪ್ಪ ಬರ್ಲಿ, ನೀನೇ ಹೇಳು."

ಹನ್ನೊಂದನೇ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡ ಮೇಸ್ತ್ರಿಯನ್ನು ಉಣಿಸಿ, ಬೈದು, ಬೆಳೆಸಿದವರು ಈ ಅತ್ತಿಗೆ. ಹದಿನಾರಕ್ಕೆ ಮೀಸೆ ಚಿಗುರಿದಾಗ, "ಮೇಲ್ದುಟಿಗೆ ಮಸಿ ಮೆತ್ಕೊಂಡಿದೀಯ, ತೊಳ್ಕೊಂಡು ಊಟಕ್ಕೆ ಬಾ" ಎಂದು ಗೇಲಿ ಮಾಡಿದವರೂ ಅವರೇ. ಅವರು ಗೇಟಿನೊಳಗೇ ದಿನದಿನಕ್ಕೆ ಸೊರಗುವುದನ್ನು ನೋಡಲು ಅವನಿಂದ ಆಗುತ್ತಿರಲಿಲ್ಲ. ಬಸ್ಸಿನ ವಿಷಯದಲ್ಲಿ ಅವನೇನೂ ಮಾಡಲಾರ. ಹೊಗೆಯ ವಿಷಯ ಬೇರೆ.

ಇಂಜಿನ್ನಿನ ಪಿಸ್ಟನ್ ರಿಂಗುಗಳು ಸವೆದಿದ್ದವು. ಸಂದಿಯಿಂದ ಆಯಿಲ್ ಮೇಲೇರಿ ಪೆಟ್ರೋಲಿನ ಜೊತೆ ಸುಡುತ್ತಿತ್ತು. ಆದರೆ ಆ ಮಾದರಿಯ ಕಾರು ತಯಾರಾಗುವುದು ನಿಂತು ನಲವತ್ತು ವರ್ಷ. ಕಂಡಕಂಡವರಿಗೆ ಫೋನ್ ಮಾಡಿ, ಹಳೇ ಸಾಮಾನಿನ ಅಂಗಡಿಗಳನ್ನೆಲ್ಲ ಜಾಲಾಡಿದ ಮೇಲೆ ಮೂರನೇ ತಿಂಗಳಿಗೆ ಒಂದು ಸೆಟ್ ಸಿಕ್ಕಿತು. ಎಣ್ಣೆಕಾಗದದಲ್ಲಿ ಸುತ್ತಿದ ಹನ್ನೆರಡು ರಿಂಗು. ಒಂದು ಮುರಿದರೆ ಹದಿಮೂರನೆಯದು ಎಲ್ಲೂ ಇರಲಿಲ್ಲ.

ಅತ್ತಿಗೆಯ ಮನೆಗೆ ತಾಗಿದ ಶೆಡ್ಡಿನಲ್ಲೇ ಕೆಲಸ ಹಿಡಿದ. ಮೇಲಿನ ಹೆಡ್ ಬಿಚ್ಚಿ, ಕೆಳಗಿನ ಆಯಿಲ್ ಚೇಂಬರ್ ಇಳಿಸಿ, ನಾಲ್ಕೂ ಪಿಸ್ಟನ್ ಹೊರತೆಗೆದು ಹಳೇ ಪೇಪರಿನ ಮೇಲೆ ಸಾಲಾಗಿಟ್ಟ. ಮೂರನೇ ದಿನ ಚಹಾ ತಂದ ಅತ್ತಿಗೆ ಲೋಟ ಕೊಟ್ಟು ಹೋಗದೆ ಅಲ್ಲೇ ನಿಂತರು.

"ಏನೋ ಇದು, ತಳ ಹಿಡಿದ ಪಾತ್ರೆ ಇದ್ದ ಹಾಗಿದೆ?"

"ರಿಂಗು ಕೂರೋ ಜಾಗ ಅತ್ತಿಗೆ. ಒಳಗಿನ ಕರಿ ಪೂರ್ತಿ ಹೋಗ್ಬೇಕು. ಇಲ್ದಿದ್ರೆ ಹೊಸದು ಕೂರಲ್ಲ."

"ಪಾತ್ರೆ ತಿಕ್ಕೋದು ನಿನಗೇನು ಗೊತ್ತು? ಸರಿ ಆ ಕಡೆ."

ಹಳೇ ರಿಂಗಿನ ಮುರುಕು ತುಂಡಿನಿಂದಲೇ ಕರಿ ಕೆರೆಯುವುದು ಈ ಕೆಲಸದ ರೂಢಿ. ಅಷ್ಟು ಸರಿಯಾಗಿ ಆ ಜಾಗಕ್ಕೆ ಹೊಂದುವ ಬೇರೆ ಹತಾರವಿಲ್ಲ. ಮೇಸ್ತ್ರಿ ತುಂಡೊಂದಕ್ಕೆ ಬಟ್ಟೆ ಸುತ್ತಿ ಕೊಟ್ಟ. ಅತ್ತಿಗೆ ಸ್ಟೂಲಿನ ಮೇಲೆ ಕೂತು, ಪಿಸ್ಟನ್ನನ್ನು ಮಡಿಲಲ್ಲಿಟ್ಟುಕೊಂಡು ಕೆರೆಯತೊಡಗಿದರು. ಎರಡನೇ ಪಿಸ್ಟನ್ನಿನ ಹೊತ್ತಿಗೆ ಅವರ ಕೈ ನಿಂತಿತು.

"ಇಷ್ಟೂ ಕರಿ ಅವರು ಓಡಿಸಿದ್ದೇ ಅಲ್ವೇನೋ?"

"ಹೌದು ಅತ್ತಿಗೆ."

"ಅವತ್ತು ಆಸ್ಪತ್ರೆಯಿಂದ ಸುದ್ದಿ ಹೇಳೋಕೆ ನೀನೇ ಈ ಕಾರು ಓಡಿಸ್ಕೊಂಡು ಬಂದ್ಯಲ್ಲ. ತಿರುವಲ್ಲಿ ಹೊಗೆ ಕಾಣಿಸ್ತು. ಹುಷಾರಾಗಿ ಬಂದೇಬಿಟ್ರು ಅನ್ಕೊಂಡು ಎರಡು ಲೋಟ ನೀರಿಟ್ಟುಬಿಟ್ಟಿದ್ದೆ."

ಮೇಸ್ತ್ರಿಗೆ ಇದು ಗೊತ್ತಿರಲಿಲ್ಲ. ಕೆಮ್ಮಿನ ನೆವದ ಹಿಂದೆ ಏನಿತ್ತೆಂಬುದು ಈಗ ತಿಳಿಯಿತು. ಸ್ಪ್ಯಾನರ್ ಹುಡುಕುವವನ ಹಾಗೆ ಕಾರಿನಡಿ ತೂರಿ, ಅಲ್ಲೇ ಮಲಗಿ ಸದ್ದಿಲ್ಲದೆ ಅತ್ತ. ಸ್ವಲ್ಪ ಹೊತ್ತಿಗೆ ಅತ್ತಿಗೆ ಮತ್ತೆ ಕೆರೆಯುವ ಸದ್ದು ಕೇಳಿಸಿತು.

ಮರುದಿನ ರಿಂಗು ತೊಡಿಸುವಾಗಲೂ ಅವರು ಸ್ಟೂಲು ಬಿಟ್ಟೇಳಲಿಲ್ಲ. ಎರಡು ಹೆಬ್ಬೆರಳಿನಿಂದ ರಿಂಗಿನ ಬಾಯಿ ಅಗಲಿಸಿ ಪಿಸ್ಟನ್ನಿನ ಮೇಲಿಂದ ಜಾರಿಸಬೇಕು. ಕೂದಲೆಳೆಯಷ್ಟು ಹೆಚ್ಚು ಅಗಲಿಸಿದರೂ ಚಟಕ್ ಎಂದು ಮುರಿಯುತ್ತದೆ. ಹನ್ನೊಂದು ಕೂತವು. ಹನ್ನೆರಡನೆಯದಕ್ಕೆ ಅವನು ಉಸಿರು ಬಿಗಿಹಿಡಿದಾಗ ಅತ್ತಿಗೆ ಮೆಲ್ಲಗೆ, "ನಿನ್ನ ಮೀಸೆ ನಡುಗ್ತಾ ಇದೆ" ಅಂದರು.

"ಐದು ನಿಮಿಷ ಬಾಯಿಗೆ ಬೀಗ ಹಾಕ್ಕೊಳ್ಳಿ ಅತ್ತಿಗೆ, ದಮ್ಮಯ್ಯ" ಎಂದು ಬೇಡಿಕೊಂಡ. ರಿಂಗು ಮುರಿಯಲಿಲ್ಲ. ಪಿಸ್ಟನ್ನುಗಳನ್ನು ಇಂಜಿನ್ನಿಗೆ ಇಳಿಸಲು ನಾಲ್ಕು ಕೈ ಬೇಕು. ಅವನು ಕೆಳಗೆ ಮಲಗಿ ಪಿಸ್ಟನ್ನಿನ ರಾಡ್ ಹಿಡಿದುಕೊಂಡ, ಮೇಲಿನಿಂದ ಸುತ್ತಿಗೆಯ ಮರದ ಹಿಡಿಯಲ್ಲಿ ತಟ್ಟಿ ತಟ್ಟಿ ಇಳಿಸಿದವರು ಅತ್ತಿಗೆ.

ಎಲ್ಲ ಜೋಡಿಸಿ ಇಂಜಿನ್ ಶುರು ಮಾಡಿದಾಗ ತೆಳ್ಳಗೆ ಹೊಗೆ ಬಂತು. ಅತ್ತಿಗೆಯ ಮುಖ ಸಣ್ಣಗಾದದ್ದು ಕಂಡು ಮೇಸ್ತ್ರಿ ಗಡಿಬಿಡಿಯಿಂದ ಹೇಳಿದ. "ಹೊಸ ರಿಂಗು ಒಗ್ಗೋವರೆಗೆ ಇಷ್ಟು ಇರುತ್ತೆ. ಎಂಟುನೂರು ಕಿಲೋಮೀಟರ್ ಮೆಲ್ಲಗೆ ಓಡಿಸ್ಬೇಕು. ಹೊಗೆ ಕಡಿಮೆ ಆಗ್ತಾ ಇದೆಯಾ ಅಂತ ಹಿಂದಿನ ಸೀಟಲ್ಲಿ ಕೂತು ಒಬ್ರು ನೋಡ್ಬೇಕು. ಈ ಕನ್ನಡೀಲಿ ನನಗೇನೂ ಕಾಣಲ್ಲ."

ಕನ್ನಡಿಯಲ್ಲಿ ಏನೂ ಕಾಣದಿದ್ದುದು ನಿಜವೇ. ಬೆಳಿಗ್ಗೆ ಅವನೇ ಅದಕ್ಕೆ ಗ್ರೀಸ್ ಸವರಿದ್ದ.

ಅತ್ತಿಗೆ ಗೇಟಿನ ಕಡೆ ನೋಡಿದರು. ಉಗುರಿನ ಸಂದಿಯಲ್ಲಿ ಇನ್ನೂ ಉಳಿದಿದ್ದ ಕರಿಯನ್ನು ನೋಡಿಕೊಂಡರು. "ತಿರುವಿನವರೆಗೆ ಮಾತ್ರ" ಅಂದರು.

ಮೊದಲ ದಿನ ತಿರುವಿನವರೆಗೆ ಹೋಗಿ ಬಂದರು. ನಾಲ್ಕನೇ ದಿನ ಕನ್ನಡಕದ ಅಂಗಡಿಯವರೆಗೆ. ಎರಡನೇ ವಾರ ತಂಗಿಯ ಮಗಳ ಮನೆಗೆ ಹೋಗಿ, ಮಗುವನ್ನು ಎತ್ತಿಕೊಂಡವರು ಸಂಜೆಯವರೆಗೆ ಇಳಿಸಲಿಲ್ಲ. ದಾರಿಯುದ್ದಕ್ಕೂ ಹಿಂದೆ ತಿರುಗಿ ಕೂತು, "ಬೆರಳಷ್ಟಿದೆ, ಎಳೆಯಷ್ಟಿದೆ, ಈಗ ಇಲ್ಲ" ಎಂದು ವರದಿ ಒಪ್ಪಿಸುತ್ತಿದ್ದರು. ಇವರ ಆಮೆ ನಡಿಗೆಗೆ ಹಿಂದಿನಿಂದ ಹಾರ್ನ್ ಹೊಡೆದವರಿಗೆಲ್ಲ ಕೈ ಬೀಸಿ, "ಮುಂದೆ ಹೋಗ್ರಪ್ಪ, ನಮಗೆ ಅವಸರವಿಲ್ಲ" ಅನ್ನುತ್ತಿದ್ದರು.

ಎಂಟುನೂರು ತುಂಬಿದ ದಿನ ಮೇಸ್ತ್ರಿ ಊರಾಚೆಯ ನೇರ ರಸ್ತೆಯಲ್ಲಿ ಕಾರು ನಿಲ್ಲಿಸಿ ಇಳಿದ. ಸೈಲೆನ್ಸರಿನ ಹಿಂದಿನ ಗಾಳಿ ತಿಳಿಯಾಗಿತ್ತು. ಮೂವತ್ತೈದು ವರ್ಷದಲ್ಲಿ ಇಷ್ಟು ಚೊಕ್ಕ ಕೆಲಸ ತಾನು ಮಾಡಿರಲಿಲ್ಲ ಅನ್ನಿಸಿತು. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು. ಹೊಗೆ ಮುಗಿದರೆ ಹೊಗೆ ನೋಡುವ ಕೆಲಸವೂ ಮುಗಿಯಿತು. ನಾಳೆಯಿಂದ ಅತ್ತಿಗೆಯನ್ನು ಏನೆಂದು ಕರೆಯುವುದು?

"ಎಂಟುನೂರು ಆಯ್ತು ಅತ್ತಿಗೆ" ಅಂದ.

ಅತ್ತಿಗೆ ಹೊಸ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ಹಿಂದೆ ನೋಡಿದರು. "ಅಲ್ನೋಡು, ಇನ್ನೂ ಸ್ವಲ್ಪ ಹೊಗೆ ಇದೆ ಅನ್ಸುತ್ತೆ."

ಮೇಸ್ತ್ರಿಯ ಕೈ ರೂಢಿಯ ಬಲದಿಂದ ಜೇಬಿನ ಬಿಳಿ ಕರವಸ್ತ್ರಕ್ಕೆ ಹೋಯಿತು. ಹೋದದ್ದು ಹಾಗೆಯೇ ನಿಂತಿತು. ಬಾಗಿ, ಇಲ್ಲದ ಹೊಗೆಯನ್ನು ನೆಟ್ಟಗೆ ನೋಡಿ, "ಹೌದು ಅತ್ತಿಗೆ, ಇದೆ" ಅಂದ.

ಮರುದಿನ ಬೆಳಿಗ್ಗೆ ಹಾರ್ನ್ ಕೇಳಿ ಹೊರಬಂದ ಅತ್ತಿಗೆ ಮೆಟ್ಟಿಲ ಮೇಲೇ ನಿಂತುಬಿಟ್ಟರು. ಕಾರಿನ ಪಕ್ಕ ನಿಂತಿದ್ದ ಮೇಸ್ತ್ರಿಯ ಮೇಲ್ದುಟಿ ನುಣ್ಣಗೆ ಬೋಳಾಗಿತ್ತು. ಒಂದು ಕ್ಷಣ ಅವರಿಗೆ ತಾಯಿಯಿಲ್ಲದ ಆ ಹನ್ನೊಂದು ವರ್ಷದ ಹುಡುಗನೇ ಕಂಡ.

"ಹೊಗೆ ತೋರಿಸಿದ್ರಲ್ಲ" ಅಂದ ಅವನು, ನೆಲ ನೋಡುತ್ತ. "ಆಡಿದ ಮಾತು ಉಳಿಸ್ಕೋಬೇಕು. ಇನ್ನೊಂದು ಎಂಟುನೂರು ಓಡಿಸ್ಬೇಕಾಗುತ್ತೆ."

ಅತ್ತಿಗೆ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕರು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಮನೆಗೆ ಬೀಗ ಹಾಕಿ ಕೆಳಗಿಳಿದು ಬಂದರು.

"ಸರಿ, ನಡಿ. ಮೊದ್ಲು ದಿನಾ ಆ ಕನ್ನಡಿಗೆ ಮೆತ್ತೋ ಗ್ರೀಸ್ ಒರೆಸು. ಇವತ್ತು ನಾನು ಮುಂದೆ ಕೂರ್ತೀನಿ."