ಟೊಮ್ಯಾಟೊ ತೋಟದ ಜೋಂಬಿ

ವರ್ಷಗಟ್ಟಲೆ ಒಬ್ಬನೇ ಕೂತು ನಾನೊಂದು ವಿಡಿಯೊ ಗೇಮ್ ಮಾಡಿದೆ. ಹಗಲು ಟೊಮ್ಯಾಟೊ ಬೆಳೆಯಬೇಕು. ಕತ್ತಲಾದರೆ ಊರಿಗಾಂನ ಹಳೇ ಚಿನ್ನದ ಗಣಿಯಿಂದ ಎದ್ದು ಬರುವ ಜೋಂಬಿ ಹೆಣಗಳಿಂದ ತೋಟ ಉಳಿಸಿಕೊಳ್ಳಬೇಕು. ಜೋಂಬಿಯ ಚಿತ್ರ ಬರೆಯಲು ನನ್ನ ಕೈಲಾಗಲಿಲ್ಲ. ನನ್ನದೇ ಫೋಟೊಗೆ ಹಸಿರು ಬಣ್ಣ ಬಳಿದು ಕೈತೊಳೆದುಕೊಂಡೆ. ಆಡಿದ ನಾಲ್ಕೇ ನಾಲ್ಕು ಜನ, ಜೋಂಬಿ ನೋಡಿದರೆ ನಗು ಬರುತ್ತದೆ ಎಂದು ಬರೆದರು.

ಪ್ರಚಾರಕ್ಕೆಂದು ಬಂಗಾರಪೇಟೆಯಲ್ಲಿ ಮಾಡಿಸಿದ್ದ, ಆ ಹಸಿರು ಮುಖದ ದೊಡ್ಡ ಫ್ಲೆಕ್ಸ್ ಕೊಟ್ಟಿಗೆ ಸೇರಿತು. ಒಂದು ಬೆಳಿಗ್ಗೆ ನೋಡಿದರೆ, ಅಮ್ಮ ಅದನ್ನು ನಮ್ಮ ಟೊಮ್ಯಾಟೊ ತೋಟದಲ್ಲಿ, ಬೇತಮಂಗಲದ ರಸ್ತೆಗೆ ಎದುರಾಗಿ ಕಟ್ಟಿದ್ದಾಳೆ.

"ಏನಮ್ಮಾ ಇದು?"

"ಕಾಯಿ ಗೊಂಚಲು ಗೊಂಚಲಾಗಿ ಬಿಟ್ಟೈತೆ. ಬಸ್ಸಲ್ಲಿ ಓಗೋರ ಕಣ್ಣೆಲ್ಲ ಅದರ ಮ್ಯಾಲೇ. ಇನ್ನು ನಿನ್ನ ಮೊಕ ನೋಡ್ಕೊಂಡು ಓಗ್ತಾರೆ, ಬೆಳೆಗೆ ದಿಷ್ಟಿ ತಾಕಲ್ಲ."

ಗೇಮಿನಲ್ಲಿ ತೋಟ ತಿನ್ನುತ್ತಿದ್ದವನು ಇಲ್ಲಿ ಕಾವಲಿಗೆ ನಿಂತಿದ್ದೆ. ಬೆಳೆ ಚೆನ್ನಾಗಿಯೇ ಬಂತು. ಅಮ್ಮ ಊರೆಲ್ಲ ಹೇಳಿಕೊಂಡು ಬಂದಳು.

ಮರುವಾರ ಪಕ್ಕದ ತೋಟದ ಬಚ್ಚಪ್ಪ ಮಾವ ಮನೆಗೆ ಬಂದ. ಕೊನೆಗೂ ಒಬ್ಬ ಅಭಿಮಾನಿ ಸಿಕ್ಕಿದ ಎಂದು ಲ್ಯಾಪ್‌ಟಾಪ್ ತೆರೆದೆ.

"ಆಟ ಬ್ಯಾಡ ಕಣ್ಲಾ. ನಮ್ಮ ಬದನೆಗೂ ಅಂಥದ್ದೊಂದು ಫ್ಲೆಕ್ಸ್ ಮಾಡಿಸ್ಕೊಡು."

ನಾನು ಉಬ್ಬಿಹೋದೆ. "ಆಗಲಿ ಮಾವ, ಈ ಸಲ ಹಸಿರು ಇನ್ನೂ ಚೆನ್ನಾಗಿ ಬಳೀತೀನಿ."

ಮಾವ ನನ್ನ ಮುಖವನ್ನೇ ಒಂದು ಗಳಿಗೆ ದಿಟ್ಟಿಸಿದ.

"ಬಣ್ಣ ಯಾಕ್ಲಾ? ಇರೋ ಮೊಕಾನೇ ಆಕ್ಸು, ಸಾಕು."